ತಾರೆಗಳ ತಾಪವನ್ನು ಅಳೆದ ಮೇಘನಾದ ಸಹಾ

ಬಡತನದಲ್ಲಿ ಹುಟ್ಟಿ, ಪರರ ಮನೆಯ ಆಶ್ರಯದಲ್ಲಿ ಅಕ್ಷರ ಕಲಿತು, ಕೊನೆಗೆ ನಕ್ಷತ್ರಲೋಕದ ರಹಸ್ಯವನ್ನೇ ಬಿಡಿಸಿ ಜಗತ್ತಿಗೆ ತೋರಿದ ಮಹನೀಯರು ಮೇಘನಾದ ಸಹಾ. ಅವರು 1893ರ ಅಕ್ಟೋಬರ್ 6ರಂದು, ಇಂದು ಬಾಂಗ್ಲಾದೇಶದಲ್ಲಿರುವ ಢಾಕಾ ನಗರದ ಸಮೀಪದ ಒಂದು ಕುಗ್ರಾಮದಲ್ಲಿ ಜನಿಸಿದರು. ತಂದೆ ಜಗನ್ನಾಥ ಸಹಾ ಅವರದು ಚಿಕ್ಕ ಕಿರಾಣಿ ಅಂಗಡಿ. ಎಂಟು ಮಕ್ಕಳ ಆ ಸಂಸಾರದಲ್ಲಿ ಪ್ರಾಥಮಿಕ ಶಾಲೆ ಮುಗಿಸಿದ ಹುಡುಗನಿಗೆ ಅಂಗಡಿಯ ತಕ್ಕಡಿಯೇ ಗತಿ ಎಂಬಂತಿತ್ತು. ಮುಂದಿನ ಶಾಲೆಯೋ ಹಲವು ಮೈಲಿ ದೂರದ ಊರಿನಲ್ಲಿ. ಆ ವೇಳೆಯಲ್ಲಿ ಅಣ್ಣನ ಪ್ರಯತ್ನದಿಂದ ಅನಂತಕುಮಾರ ದಾಸ್ ಎಂಬ ವೈದ್ಯರು ಬಾಲಕನಿಗೆ ತಮ್ಮ ಮನೆಯಲ್ಲಿ ಊಟ ವಸತಿಗಳನ್ನು ಒದಗಿಸಿದರು. ತನ್ನ ತಟ್ಟೆಯನ್ನು ತಾನೇ ತೊಳೆದುಕೊಂಡು, ಮನೆಯ ಹಸುವನ್ನು ನೋಡಿಕೊಂಡು, ಆ ಬಾಲಕ ವಿದ್ಯಾರ್ಥಿವೇತನಕ್ಕೆ ಪಾತ್ರನಾದನು.

1905ರಲ್ಲಿ ಢಾಕಾದ ಸರಕಾರಿ ಶಾಲೆಯನ್ನು ಸೇರಿದಾಗ ಬಂಗಾಳ ವಿಭಜನೆಯ ವಿರುದ್ಧ ಚಳವಳಿ ಭುಗಿಲೆದ್ದಿತ್ತು. ಗವರ್ನರರ ಭೇಟಿಯನ್ನು ಬಹಿಷ್ಕರಿಸಿದ ವಿದ್ಯಾರ್ಥಿಗಳೊಡನೆ ಸಹಾ ಅವರೂ ಶಾಲೆಯಿಂದ ಹೊರಬಿದ್ದರು, ವಿದ್ಯಾರ್ಥಿವೇತನವೂ ಕೈತಪ್ಪಿತು. ಖಾಸಗಿ ಶಾಲೆಯೊಂದು ಅವರನ್ನು ಸೇರಿಸಿಕೊಂಡಿತು. 1909ರ ಪ್ರವೇಶ ಪರೀಕ್ಷೆಯಲ್ಲಿ ಅವರು ಪೂರ್ವ ಬಂಗಾಳಕ್ಕೆ ಮೊದಲಿಗರಾದರು. 1911ರಲ್ಲಿ ಕಲ್ಕತ್ತೆಯ ಪ್ರೆಸಿಡೆನ್ಸಿ ಕಾಲೇಜಿಗೆ ಬಂದಾಗ ಜಗದೀಶಚಂದ್ರ ಬೋಸ್ ಮತ್ತು ಪ್ರಫುಲ್ಲಚಂದ್ರ ರಾಯ್ ಅವರಂಥ ಗುರುಗಳೂ ಸತ್ಯೇಂದ್ರನಾಥ ಬೋಸ್ ಅವರಂಥ ಸಹಪಾಠಿಯೂ ದೊರೆತರು. ಆದರೆ ವಿದ್ಯಾರ್ಥಿನಿಲಯದಲ್ಲಿ, ಕೆಳಜಾತಿಯವರೆಂಬ ಕಾರಣಕ್ಕೆ, ಸಹಪಂಕ್ತಿ ಭೋಜನವೂ ಅವರಿಗೆ ನಿರಾಕೃತವಾಯಿತು. ಆ ನೋವು ಅವರನ್ನು ಕುಗ್ಗಿಸಲಿಲ್ಲ. 1915ರಲ್ಲಿ ಎಂ.ಎಸ್ಸಿ. ಪದವಿ ಪಡೆದು, ಮರುವರ್ಷ ಕಲ್ಕತ್ತ ವಿಶ್ವವಿದ್ಯಾನಿಲಯದ ವಿಜ್ಞಾನ ಕಾಲೇಜಿನಲ್ಲಿ ಅಧ್ಯಾಪಕರಾದರು.

ಅಲ್ಲಿ ಅವರ ಮನಸ್ಸನ್ನು ಸೆಳೆದದ್ದು ಸೂರ್ಯನ ರೋಹಿತ. ಕ್ಯಾಲ್ಸಿಯಂ ಪರಮಾಣು ಜಲಜನಕದ ಪರಮಾಣುವಿಗಿಂತ ಸುಮಾರು ನಲವತ್ತು ಪಟ್ಟು ಭಾರವುಳ್ಳದ್ದು. ಆದರೂ ಸೂರ್ಯನ ವರ್ಣಗೋಲದಲ್ಲಿ ಅದರ ಕೆಲವು ರೇಖೆಗಳು ಜಲಜನಕದ ರೇಖೆಗಳಿಗಿಂತಲೂ ಎತ್ತರದವರೆಗೆ ತೋರುತ್ತಿದ್ದವು. ಇದಕ್ಕೆ ಕಾರಣವನ್ನು ಸಹಾ ಅವರು ಪರಮಾಣುವಿನ ಅಯಾನೀಕರಣ ಶಕ್ತಿಯಲ್ಲಿ ಕಂಡರು. ಪರಮಾಣುವಿನಿಂದ ಹೊರ ಎಲೆಕ್ಟ್ರಾನನ್ನು ಕಿತ್ತು ತೆಗೆಯಲು ಬೇಕಾದ ಶಕ್ತಿಯೇ ಅದು. ಆವರ್ತ ಕೋಷ್ಟಕದಲ್ಲಿ ಅದಕ್ಕೊಂದು ಕ್ರಮವುಂಟು. ಒಂದೇ ಗುಂಪಿನಲ್ಲಿ ಮೇಲಿನಿಂದ ಕೆಳಗಿಳಿದಂತೆ ಹೊರ ಎಲೆಕ್ಟ್ರಾನು ಬೀಜಕೇಂದ್ರದಿಂದ ದೂರವಾಗುತ್ತದೆ. ಒಳಕವಚಗಳು ಬೀಜಕೇಂದ್ರದ ಸೆಳೆತವನ್ನು ಮರೆಮಾಡುತ್ತವೆ. ಹಾಗಾಗಿ ಶಕ್ತಿ ಇಳಿಯುತ್ತದೆ. ಸೋಡಿಯಮ್ಮಿಗೆ 5.1 ಎಲೆಕ್ಟ್ರಾನ್ ವೋಲ್ಟು, ಪೊಟ್ಯಾಸಿಯಮ್ಮಿಗೆ 4.3, ರುಬಿಡಿಯಮ್ಮಿಗೆ 4.2, ಸೀಸಿಯಮ್ಮಿಗೆ ಕೇವಲ 3.9. ಅಡ್ಡಸಾಲಿನಲ್ಲಿ ಎಡದಿಂದ ಬಲಕ್ಕೆ ಸಾಗಿದಂತೆ ಬೀಜಕೇಂದ್ರದ ವಿದ್ಯುದಂಶ ಹೆಚ್ಚಿ ಹಿಡಿತ ಬಿಗಿಯಾಗುತ್ತದೆ. ಸೋಡಿಯಮ್ಮಿನ ಸಾಲು 15.8ರ ಆರ್ಗಾನಿನಲ್ಲಿ ಮುಗಿಯುತ್ತದೆ. ನಡುವೆ ಮೆಗ್ನೀಸಿಯಮ್ಮಿನಿಂದ ಅಲ್ಯೂಮಿನಿಯಮ್ಮಿಗೂ ರಂಜಕದಿಂದ ಗಂಧಕಕ್ಕೂ ಬರುವಾಗ ತುಸು ಇಳಿತವುಂಟು. ಅದು ಎಲೆಕ್ಟ್ರಾನುಗಳು ನೆಲೆಸುವ ಉಪಕವಚಗಳ ವಿನ್ಯಾಸದ ಫಲ.

ಜಲಜನಕಕ್ಕೆ 13.6 ಬೇಕಾದರೆ ಕ್ಯಾಲ್ಸಿಯಮ್ಮಿಗೆ 6.1 ಸಾಕು. ಆದ್ದರಿಂದ ಸೂರ್ಯನ ಬೇಗೆಯಲ್ಲಿ ಕ್ಯಾಲ್ಸಿಯಂ ಸುಲಭವಾಗಿ ಎಲೆಕ್ಟ್ರಾನನ್ನು ಕಳೆದುಕೊಳ್ಳುತ್ತದೆ. ಎತ್ತರದಲ್ಲಿ ಒತ್ತಡ ಕಡಿಮೆಯಾದ್ದರಿಂದ, ಬೇರ್ಪಟ್ಟ ಎಲೆಕ್ಟ್ರಾನುಗಳು ಮತ್ತೆ ಕೂಡುವ ಸಂಭವವೂ ಕಡಿಮೆ. ಅಲ್ಲಿ ಬೆಳಗುವ ರೇಖೆಗಳು ಅಯಾನೀಕೃತ ಕ್ಯಾಲ್ಸಿಯಮ್ಮಿನವು. ಉಷ್ಣತೆ, ಒತ್ತಡ, ಅಯಾನೀಕರಣ ಶಕ್ತಿ ಈ ಮೂರನ್ನೂ ಒಂದೇ ಸೂತ್ರದಲ್ಲಿ ಹೆಣೆದ ಅವರ ಸಮೀಕರಣ 1920ರಲ್ಲಿ ಪ್ರಕಟವಾಯಿತು. ಆಗ ಅವರ ವಯಸ್ಸು ಇಪ್ಪತ್ತೇಳು. ಸೂರ್ಯನ ಸಾಮಾನ್ಯ ರೋಹಿತದಲ್ಲಿ ಕಾಣದಿದ್ದ ರುಬಿಡಿಯಮ್ಮನ್ನು ತಾಪ ಕಡಿಮೆಯಿರುವ ಸೂರ್ಯಕಲೆಗಳಲ್ಲಿ ಹುಡುಕಬೇಕೆಂದು ಅವರು ಸೂಚಿಸಿದರು. ಅಮೆರಿಕದ ಖಗೋಳಜ್ಞ ರಸೆಲ್ ಅದನ್ನು ಅಲ್ಲಿಯೇ ಗುರುತಿಸಿದರು. ನಕ್ಷತ್ರಗಳ ರೋಹಿತಗಳು ಭಿನ್ನವಾಗಿ ತೋರುವುದಕ್ಕೆ ಮುಖ್ಯ ಕಾರಣ ತಾಪದ ಅಂತರವೇ ಹೊರತು ದ್ರವ್ಯದ ಅಂತರವಲ್ಲವೆಂಬುದು ಸ್ಪಷ್ಟವಾಯಿತು. ಈ ಸಮೀಕರಣವನ್ನು ಆಧರಿಸಿಯೇ 1925ರಲ್ಲಿ ಸಿಸಿಲಿಯಾ ಪೇನ್ ನಡೆಸಿದ ಗಣನೆ, ತಾರೆಗಳಲ್ಲಿ ಜಲಜನಕವೇ ಅತ್ಯಧಿಕವೆಂಬ ಅರಿವಿಗೆ ದಾರಿಮಾಡಿತು.

ಲಂಡನ್ ಮತ್ತು ಬರ್ಲಿನ್ ನಗರಗಳಲ್ಲಿ ಸಂಶೋಧನೆ ನಡೆಸಿ ಹಿಂದಿರುಗಿದ ಸಹಾ ಅವರು 1923ರಿಂದ ಹದಿನೈದು ವರ್ಷ ಅಲಹಾಬಾದಿನಲ್ಲಿ ಪ್ರಾಧ್ಯಾಪಕರಾಗಿದ್ದರು. 1927ರಲ್ಲಿ ರಾಯಲ್ ಸೊಸೈಟಿಯ ಸದಸ್ಯತ್ವ ಲಭಿಸಿತು. 1938ರಲ್ಲಿ ಕಲ್ಕತ್ತೆಗೆ ಮರಳಿ, ಮುಂದೆ ಪರಮಾಣು ಬೀಜವಿಜ್ಞಾನದ ಸಂಸ್ಥೆಯನ್ನು ಕಟ್ಟಿದರು. ಅದು ಇಂದು ಅವರ ಹೆಸರನ್ನೇ ಹೊತ್ತಿದೆ. ನದಿಗಳ ಪ್ರವಾಹ ನಿಯಂತ್ರಣ, ಕೈಗಾರಿಕೆ, ಯೋಜನೆ ಇವೆಲ್ಲ ಅವರ ಚಿಂತನೆಯ ವಿಷಯಗಳಾದವು. 1952ರಲ್ಲಿ ಲೋಕಸಭೆಗೆ ಪಕ್ಷೇತರರಾಗಿ ಆರಿಸಿಬಂದರು. ಅವರ ಅಧ್ಯಕ್ಷತೆಯ ಪಂಚಾಂಗ ಸುಧಾರಣಾ ಸಮಿತಿಯ ಶಿಫಾರಸಿನಂತೆ 1957ರಲ್ಲಿ ರಾಷ್ಟ್ರೀಯ ಪಂಚಾಂಗ ಜಾರಿಗೆ ಬಂದಿತು. ಅದನ್ನು ಕಾಣಲು ಅವರು ಉಳಿದಿರಲಿಲ್ಲ; 1956ರ ಫೆಬ್ರವರಿ 16ರಂದು, ದೆಹಲಿಯಲ್ಲಿ ಯೋಜನಾ ಆಯೋಗದ ಕಚೇರಿಗೆ ತೆರಳುತ್ತಿದ್ದಾಗ, ದಾರಿಯಲ್ಲಿಯೇ ಕುಸಿದು ಅಸುನೀಗಿದರು.

ಗ್ರಾಮದ ವೈದ್ಯರೊಬ್ಬರು ಬಡ ಬಾಲಕನೊಬ್ಬನಿಗೆ ಇಕ್ಕಿದ ಅನ್ನ ಎಷ್ಟು ದೂರ ಬೆಳಕು ಚೆಲ್ಲಿತೆಂಬುದಕ್ಕೆ ಈ ಜೀವನವೇ ಸಾಕ್ಷಿ. ಒಬ್ಬ ಅನಂತಕುಮಾರ ದಾಸರು ಇಲ್ಲದಿದ್ದರೆ ಆ ಮೇಧಾಶಕ್ತಿ ಅಂಗಡಿಯ ಕಟ್ಟೆಯಲ್ಲಿಯೇ ಕಮರಿಹೋಗುತ್ತಿತ್ತೇನೋ. ಆವರ್ತ ಕೋಷ್ಟಕವನ್ನು ಬೋಧಿಸುವ ಅಧ್ಯಾಪಕರೂ, ವಿದ್ಯೆಗಾಗಿ ಕೈನೀಡುವ ದಾನಿಗಳೂ ಸಹಾ ಅವರೊಡನೆ ಆ ವೈದ್ಯರನ್ನೂ ನೆನೆಯುವುದು ಯೋಗ್ಯವಾಗಿದೆ.