ಎರಡಾಣೆಯ ಲೆಕ್ಕ ಬರೆಸಿದ ಡಾಕ್ಟರು

ಬೈಂದೂರಿಂದ ಬೆಳಗ್ಗೆ ಹೊರಡುವ ಬಸ್ಸಲ್ಲಿ ಒಂದು ಸಲ ಕೂತು ನೋಡಿ. ನಾವುಂದ, ಮರವಂತೆ, ಹೆಮ್ಮಾಡಿ ದಾಟಿ ಕುಂದಾಪುರ ಮುಟ್ಟುವಷ್ಟರಲ್ಲಿ ಸೀಟೆಲ್ಲ ಭರ್ತಿ. ಅರ್ಧ ಜನ ನಮ್ಮ ಹಾಗೆ ಬ್ಯಾಗು, ಲ್ಯಾಪ್‌ಟಾಪು ಹೊತ್ತವರು. ಇನ್ನು ಕೆಲವರ ಮಡಿಲಲ್ಲಿ ಒಂದು ಪ್ಲಾಸ್ಟಿಕ್ ಚೀಲ, ಅದರೊಳಗೆ ಎಕ್ಸ್‌-ರೇ, ಸ್ಕ್ಯಾನಿಂಗ್ ಫೈಲು. ಅವರು ಹೋಗುವುದು ಮಣಿಪಾಲಕ್ಕೆ ಅಂತ ಯಾರೂ ಕೇಳಬೇಕಾಗಿಲ್ಲ.

ಈ ವರ್ಷ ನಮ್ಮ ಪ್ರಾಜೆಕ್ಟು, ಎದೆಯ ಎಕ್ಸ್‌-ರೇ ನೋಡಿ ಟಿಬಿ ಇದೆಯಾ ಇಲ್ವಾ ಹೇಳುವ ಎಐ ಮಾಡೆಲ್. ಅದಕ್ಕೆ ಕಲಿಸಲಿಕ್ಕೆ ಪುಕ್ಕಟೆ ಸಿಕ್ಕಿದ್ದು ಎರಡು ಡೇಟಾಸೆಟ್. ಅಮೆರಿಕದ ಮಾಂಟ್‌ಗೊಮರಿ ಕೌಂಟಿಯ 138 ಚಿತ್ರ, ಚೀನಾದ ಶೆನ್‌ಜೆನ್‌ನ 662. ಒಟ್ಟು ಸರಿಯಾಗಿ 800. ಸ್ಕ್ರೀನಿನ ಮೇಲೆ ಅಕ್ಯುರಸಿ ಚಂದ ಬಂತು, ಕುಣಿದದ್ದೂ ಆಯ್ತು. ಆಮೇಲೆ ನಮ್ಮಲ್ಲೇ ಒಬ್ಬನಿಗೆ ಬಸ್ಸಿನ ಆ ಚೀಲಗಳು ನೆನಪಾದವು. ಅವುಗಳೊಳಗಿನ ಒಂದು ಎಕ್ಸ್‌-ರೇಯನ್ನೂ ನಮ್ಮ ಮಾಡೆಲ್ ಕಂಡಿಲ್ಲ. ಗಂಗೊಳ್ಳಿಯ ಮೀನುಗಾರರ ಎದೆ, ಹೆಂಚಿನ ಕಾರ್ಖಾನೆಯ ಧೂಳು ಕುಡಿದವರ ಎದೆ ಅದಕ್ಕೆ ಗೊತ್ತೇ ಇಲ್ಲ.

ಹಾಗಾದ್ರೆ ನಮ್ಮ ಊರಿನವರ ದಾಖಲೆ ಎಲ್ಲಿದೆ? ಬಹುಪಾಲು ಆ ಗುಡ್ಡದ ಮೇಲೆ. ಒಂದು ಬೋಳು ಗುಡ್ಡದ ಮೇಲೆ ಆಸ್ಪತ್ರೆ, ವೈದ್ಯಕೀಯ ಕಾಲೇಜು, ಇಂಜಿನಿಯರಿಂಗ್ ಕಾಲೇಜು ಮೂರೂ ಒಟ್ಟಿಗೆ ಬಂದು ಕೂತದ್ದು ಹೇಗೆ ಅಂತ ಹುಡುಕುತ್ತಾ ಹೋದಾಗ ಎದುರಾದವರು ಡಾ. ಟಿ.ಎಂ.ಎ. ಪೈ. ಹೆಸರು ಎಲ್ಲರಿಗೂ ಗೊತ್ತು. ಬೋರ್ಡಿನಲ್ಲಿ ಓದಿ, ಕೆಳಗೆ ಸೆಲ್ಫಿ ತೆಗೆದು ಮುಂದೆ ಹೋಗುವವರು ನಾವು.

ತೋನ್ಸೆ ಮಾಧವ ಅನಂತ ಪೈ ಹುಟ್ಟಿದ್ದು 1898ರ ಏಪ್ರಿಲ್ 30ರಂದು, ಕಲ್ಯಾಣಪುರದಲ್ಲಿ. ಬ್ರಹ್ಮಾವರದಿಂದ ಉಡುಪಿಗೆ ಹೋಗುವಾಗ ಸ್ವರ್ಣಾ ನದಿ ದಾಟಿದ ಕೂಡಲೇ ಸಿಗುವ ಊರು. ಬಸ್ಸು ಸಂತೆಕಟ್ಟೆಯಲ್ಲಿ ನಿಲ್ಲುತ್ತದೆ, ಊರಿನ ಒಳಗೆ ಹೋಗುವುದಿಲ್ಲ. ಹಾಗಾಗಿ ನಮ್ಮಲ್ಲಿ ಹೆಚ್ಚಿನವರು ಅದನ್ನು ನೋಡಿಯೇ ಇಲ್ಲ. ಆ ಕಾಲಕ್ಕೆ ನಮ್ಮ ಜಿಲ್ಲೆ ಮದ್ರಾಸ್ ಪ್ರಾಂತ್ಯಕ್ಕೆ ಸೇರಿತ್ತು. ಡಾಕ್ಟರಾಗಬೇಕು ಅಂದ್ರೆ ಘಟ್ಟ ಹತ್ತಿ ಮದ್ರಾಸಿಗೇ ಹೋಗಬೇಕು. ಪೈಗಳು ಹೋದರು, ಮದ್ರಾಸ್ ಮೆಡಿಕಲ್ ಕಾಲೇಜಿನಲ್ಲಿ ಎಂ.ಬಿ.ಬಿ.ಎಸ್. ಮುಗಿಸಿದರು, ಉಡುಪಿಗೆ ವಾಪಸ್ ಬಂದು ಪ್ರಾಕ್ಟೀಸಿಗೆ ಕೂತರು.

ಇಲ್ಲಿಯವರೆಗೆ ಕತೆ ಸಾಮಾನ್ಯ. ಆಮೇಲಿನದ್ದು ವಿಚಿತ್ರ. ಆಗಷ್ಟೇ ಡಾಕ್ಟರಾದ ಮನುಷ್ಯ 1925ರಲ್ಲಿ ಬ್ಯಾಂಕ್ ಶುರು ಮಾಡಿದರು! ಜೊತೆಗಿದ್ದವರು ಅಣ್ಣ ಉಪೇಂದ್ರ ಅನಂತ ಪೈ ಮತ್ತು ವಾಮನ ಕುಡ್ವ. ಒಬ್ಬರು ವ್ಯಾಪಾರಿ, ಒಬ್ಬರು ಡಾಕ್ಟರು, ಇನ್ನೊಬ್ಬರು ಇಂಜಿನಿಯರು. (ಇಂಜಿನಿಯರ್ ಇದ್ದರು ಅನ್ನೋದನ್ನ ಯಾರೂ ಹೇಳುವುದಿಲ್ಲ, ಅದಕ್ಕೇ ನಾವು ಹೇಳ್ತಿದ್ದೇವೆ.) ಬಂಡವಾಳ 8,000 ರೂಪಾಯಿ. ಹೆಸರು ಕೆನರಾ ಇಂಡಸ್ಟ್ರಿಯಲ್ ಅಂಡ್ ಬ್ಯಾಂಕಿಂಗ್ ಸಿಂಡಿಕೇಟ್, ಮುಂದೆ ಸಿಂಡಿಕೇಟ್ ಬ್ಯಾಂಕ್ ಆದದ್ದು ಇದೇ. ಕರಾವಳಿಯ ಕೈಮಗ್ಗ ನೆಲಕಚ್ಚಿ ನೇಕಾರರು ಕಂಗಾಲಾಗಿದ್ದ ಸಮಯ ಅದು, ಅವರಿಗೆ ಸಾಲ ಕೊಡುವುದು ಮೊದಲ ಉದ್ದೇಶವಾಗಿತ್ತು. 1928ರಲ್ಲಿ ಬ್ಯಾಂಕಿನ ಮೊದಲ ಶಾಖೆ ತೆರೆದದ್ದು ಎಲ್ಲಿ ಗೊತ್ತುಂಟಾ? ನಮ್ಮ ಬ್ರಹ್ಮಾವರದಲ್ಲಿ.

ಅದೇ 1928ರಲ್ಲಿ ಪಿಗ್ಮಿ ಶುರುವಾಯ್ತು. ದಿನಕ್ಕೆ ಎರಡಾಣೆ ಇದ್ದರೂ ಸಾಕು. ಬ್ಯಾಂಕಿಗೆ ಬರಬೇಕಾಗಿಲ್ಲ, ಬ್ಯಾಂಕಿನ ಮನುಷ್ಯನೇ ಅಂಗಡಿಗೆ, ಮನೆ ಬಾಗಿಲಿಗೆ ಬಂದು ತಗೊಂಡು, ಬರೆದು ಹೋಗುತ್ತಾನೆ. ಇದರಲ್ಲಿ ಎಂತ ದೊಡ್ಡ ವಿಷಯ ಅಂತ ಮೊದಲು ನಮಗೂ ಅನ್ನಿಸಿತ್ತು. ಒಂಚೂರು ಯೋಚನೆ ಮಾಡಿ. ದಿನಗೂಲಿಯವರ ಕೈಯಲ್ಲಿ ಸಂಜೆಗೆ ನಾಲ್ಕು ಕಾಸು ಉಳಿದರೆ ಅದು ಮರುದಿನಕ್ಕೆ ಇರುವುದಿಲ್ಲ. ಅದನ್ನು ಇಡಲಿಕ್ಕೆ ಅಂತ ಒಂದು ದಿನದ ಕೂಲಿ ಬಿಟ್ಟು, ಹೊಳೆ ದಾಟಿ ಪೇಟೆಗೆ ಯಾರು ಹೋಗ್ತಾರೆ? ಬ್ಯಾಂಕಿನವರು ಎದುರಿಗೇ ಲೆಕ್ಕ ಬರೆಯುತ್ತಿದ್ದರು. ಕೊಟ್ಟವರು ತಮ್ಮ ಎರಡಾಣೆ ಪುಸ್ತಕದಲ್ಲಿ ಕೂತದ್ದನ್ನು ಕಣ್ಣಾರೆ ನೋಡುತ್ತಿದ್ದರು. ನಂಬಿಕೆ ಬೆಳೆದದ್ದು ಹಾಗೆ, ದಿನಕ್ಕೊಂದು ಗೆರೆಯಂತೆ. ನಮ್ಮ ಭಾಷೆಯಲ್ಲಿ ಹೇಳುವುದಾದ್ರೆ, ಸರ್ವರಿಗೆ ಬರಲಾಗದ ಕ್ಲೈಂಟಿನ ಹತ್ರ ಸರ್ವರೇ ಹೋದದ್ದು, ಪ್ರತಿ ಎಂಟ್ರಿಗೂ ಬಳಕೆದಾರರ ಕೈಯಲ್ಲೇ ಒಂದು ಕಾಪಿ ಬಿಟ್ಟದ್ದು.

ಇದರಲ್ಲಿ ಒಂದು ಕಹಿ ಅಧ್ಯಾಯವೂ ಇದೆ. ಬಿಸಿಲು ಮಳೆಯಲ್ಲಿ ಮನೆ ಮನೆ ತಿರುಗಿದ ಪಿಗ್ಮಿ ಸಂಗ್ರಾಹಕರು ಇದ್ದದ್ದು ಕಮಿಷನ್ ಮೇಲೆ. ಅವರೂ ಕಾನೂನಿನ ಪ್ರಕಾರ ಕೆಲಸಗಾರರೇ ಅಂತ ಸುಪ್ರೀಂ ಕೋರ್ಟು ಒಪ್ಪಿದ್ದು 2001ರಲ್ಲಿ, ಯೋಜನೆ ಶುರುವಾಗಿ 73 ವರ್ಷದ ಮೇಲೆ. ಇವತ್ತು ಎಐಗೆ ಬೇಕಾದ ಚಿತ್ರಗಳನ್ನು ಒಂದೊಂದಾಗಿ ನೋಡಿ ಲೇಬಲ್ ಹಾಕುವವರ ಹೆಸರು ಯಾರಿಗೂ ಗೊತ್ತಿರುವುದಿಲ್ಲ ಅಲ್ವಾ, ಅದನ್ನು ಓದುವಾಗ ನಮಗೆ ಪಿಗ್ಮಿಯವರು ನೆನಪಾಗ್ತಾರೆ.

ಬ್ಯಾಂಕು ನಿಂತಿತು. ಪೈಗಳ ಕಣ್ಣು ಶಾಲೆ ಕಾಲೇಜಿನ ಕಡೆ ತಿರುಗಿತು. 1942ರಲ್ಲಿ ಅಕಾಡೆಮಿ ಆಫ್ ಜನರಲ್ ಎಜುಕೇಷನ್, 1949ರಲ್ಲಿ ಉಡುಪಿಯ ಎಂ.ಜಿ.ಎಂ. ಕಾಲೇಜು. ಕುಂದಾಪುರದವರಿಗೆ ಹತ್ತಿರದ ಉದಾಹರಣೆ ಬೇಕಾದರೆ ಭಂಡಾರ್ಕಾರ್ಸ್ ಕಾಲೇಜು ಉಂಟು. ಬಹರೈನಿನಲ್ಲಿ ವೈದ್ಯರಾಗಿದ್ದ ಡಾ. ಎ.ಎಸ್. ಭಂಡಾರ್ಕಾರರ ನೆರವಿನಿಂದ ಇದೇ ಅಕಾಡೆಮಿ 1963ರಲ್ಲಿ ಅದನ್ನು ಶುರು ಮಾಡಿತು. ನಮ್ಮಲ್ಲಿ ಕೆಲವರ ಅಪ್ಪ ಅಮ್ಮ ಓದಿದ್ದು ಅಲ್ಲೇ.

ಆದರೆ ದೊಡ್ಡ ಸಾಹಸ ಅಂದ್ರೆ 1953ರದ್ದು. ಮಣಿಪಾಲ ಆಗ ಊರೇ ಅಲ್ಲ. ಮಣ್ಣಪಳ್ಳ ಅನ್ನುವ ಕೆರೆಯಿಂದ ಹೆಸರು ಪಡೆದ ಮುರಕಲ್ಲಿನ ಗುಡ್ಡ, ಅಷ್ಟೇ. ಅಲ್ಲಿ ಸರ್ಕಾರದ ದುಡ್ಡಿಲ್ಲದೆ ಕಸ್ತೂರ್ಬಾ ಮೆಡಿಕಲ್ ಕಾಲೇಜು ಎದ್ದಿತು. ದೇಶದಲ್ಲಿ ಖಾಸಗಿಯವರು ತಮ್ಮ ಬಲದ ಮೇಲೆ ನಡೆಸಿದ ಮೊದಲ ವೈದ್ಯಕೀಯ ಕಾಲೇಜು ಅದು. ಮೆಡಿಕಲ್ ಕಾಲೇಜು ನಡೆಸಲಿಕ್ಕೆ ರೋಗಿಗಳಿರುವ ಆಸ್ಪತ್ರೆ ಬೇಕು. ಗುಡ್ಡದಲ್ಲಿ ಆಸ್ಪತ್ರೆ ಎಲ್ಲಿಂದ ಬರಬೇಕು? ಅವರು ಕಂಡುಕೊಂಡ ದಾರಿ ಇಂಜಿನಿಯರ್‌ಗಳು ಮೆಚ್ಚುವಂಥದ್ದು: ಮೊದಲ ವರ್ಷಗಳ ಪಾಠ ಮಣಿಪಾಲದಲ್ಲಿ, ಆಮೇಲಿನ ಕಲಿಕೆ ಮಂಗಳೂರಿನ ಸರ್ಕಾರಿ ವೆನ್ಲಾಕ್ ಆಸ್ಪತ್ರೆಯಲ್ಲಿ. ಇದ್ದದ್ದನ್ನೇ ಹಂಚಿಕೊಂಡು ಬಳಸುವುದು. ಮಣಿಪಾಲದ ಸ್ವಂತ ಆಸ್ಪತ್ರೆ ಬೆಳೆದದ್ದು ಆಮೇಲೆ. 1957ರಲ್ಲಿ ಅದೇ ಗುಡ್ಡಕ್ಕೆ ಇಂಜಿನಿಯರಿಂಗ್ ಕಾಲೇಜು ಬಂತು, ಇವತ್ತಿನ ಎಂ.ಐ.ಟಿ. 1960ರ ದಶಕದಲ್ಲಿ ಫಾರ್ಮಸಿ, ದಂತ ವೈದ್ಯಕೀಯ ಕಾಲೇಜುಗಳೂ ಬಂದವು.

ದುಡ್ಡು ಎಲ್ಲಿಂದ ಬಂತು ಅನ್ನೋದನ್ನ ಬಿಟ್ಟರೆ ಕತೆ ಅರ್ಧ ಆಗ್ತದೆ. ದೊಡ್ಡ ಪಾಲು ವಿದ್ಯಾರ್ಥಿಗಳಿಂದ. ಸೀಟಿಗೆ ಬಂಡವಾಳದ ರೂಪದಲ್ಲಿ ಹಣ ತಗೊಳ್ಳುವ ಈ ದಾರಿಯನ್ನೇ ಮುಂದೆ ಜನ ಕ್ಯಾಪಿಟೇಷನ್ ಅಂದರು, ಬೈದರು. ಎರಡಾಣೆಯವರ ಬಾಗಿಲಿಗೆ ಹೋದ ಮನುಷ್ಯ ಕಟ್ಟಿದ ಕಾಲೇಜಿನ ಬಾಗಿಲು ಎರಡಾಣೆಯವರ ಮಕ್ಕಳಿಗೆ ತೆರೆಯಲಿಲ್ಲ ಅನ್ನುವ ಟೀಕೆಯನ್ನು ನಾವು ತಳ್ಳಿಹಾಕುವುದಿಲ್ಲ. ಆ ಕಾಲೇಜು ಇಲ್ಲದಿದ್ದರೆ ಬೈಂದೂರಿನ ರೋಗಿ ಎಲ್ಲಿಗೆ ಹೋಗಬೇಕಿತ್ತು ಅನ್ನುವ ಪ್ರಶ್ನೆಯೂ ಸುಳ್ಳಲ್ಲ. ನಮ್ಮ ಕ್ಲಬ್ಬಿನಲ್ಲಿ ಇದರ ಮೇಲೆ ಒಂದು ಸಂಜೆ ಪೂರ್ತಿ ಜಗಳ ಆಯ್ತು, ಯಾರೂ ಸೋಲಲಿಲ್ಲ. 1984ರಲ್ಲಿ ಕರ್ನಾಟಕ ಕ್ಯಾಪಿಟೇಷನ್ ಶುಲ್ಕ ನಿಷೇಧದ ಕಾಯ್ದೆ ತಂದಿತು. ಖಾಸಗಿ ಕಾಲೇಜುಗಳ ಹಕ್ಕು ಎಷ್ಟು ಅಂತ 2002ರಲ್ಲಿ ಸುಪ್ರೀಂ ಕೋರ್ಟಿನ 11 ನ್ಯಾಯಾಧೀಶರ ಪೀಠ ತೀರ್ಪು ಕೊಟ್ಟ ಮೊಕದ್ದಮೆಯ ಹೆಸರೇ ಟಿ.ಎಂ.ಎ. ಪೈ ಫೌಂಡೇಶನ್. ಕಾನೂನು ಓದುವವರಿಗೆ ಪೈಗಳು ಪರಿಚಯ ಆಗುವುದು ಡಾಕ್ಟರಾಗಿ ಅಲ್ಲ, ಕೇಸಿನ ಹೆಸರಾಗಿ.

ಅಷ್ಟು ಹೊತ್ತಿಗೆ ಅವರಿರಲಿಲ್ಲ. 1969ರಲ್ಲಿ ಬ್ಯಾಂಕು ರಾಷ್ಟ್ರೀಕರಣ ಆದದ್ದನ್ನು ನೋಡಿದರು, 1972ರಲ್ಲಿ ಪದ್ಮಶ್ರೀ ಬಂತು, 1979ರ ಮೇ 29ರಂದು ತೀರಿಕೊಂಡರು. ಮಣಿಪಾಲ ಡೀಮ್ಡ್ ವಿಶ್ವವಿದ್ಯಾಲಯ ಆದದ್ದು 1993ರಲ್ಲಿ. ಸಿಂಡಿಕೇಟ್ ಬ್ಯಾಂಕು 2020ರ ಏಪ್ರಿಲ್ 1ಕ್ಕೆ ಕೆನರಾ ಬ್ಯಾಂಕಿನೊಳಗೆ ಸೇರಿ ಹೋಯ್ತು. ಬ್ರಹ್ಮಾವರದ ಹಿರಿಯರು ಈಗಲೂ ಸಿಂಡಿಕೇಟಿಗೆ ಹೋಗಿ ಬರ್ತೇನೆ ಅಂತಲೇ ಹೇಳುವುದು.

ಈಗ ಆ ಗುಡ್ಡದ ಮೇಲೆ ಡಾಕ್ಟರುಗಳೂ ಇಂಜಿನಿಯರುಗಳೂ ಒಟ್ಟಿಗೆ ಕೂತು ಸ್ಕ್ಯಾನು, ಕಣ್ಣಿನ ಚಿತ್ರಗಳನ್ನು ಎಐಗೆ ಓದಲು ಕಲಿಸುವ ಕೆಲಸ ಮಾಡ್ತಿದ್ದಾರೆ. ಒಂದೇ ಕ್ಯಾಂಪಸ್ಸಿನಲ್ಲಿ ಎರಡೂ ಕಾಲೇಜು ಇರುವುದರಿಂದ ಇದು ಸಲೀಸು. ಇಂಥ ಕೆಲಸಕ್ಕೆ ನಮ್ಮವರ ದಾಖಲೆ ಎಷ್ಟು ಮುಖ್ಯ ಅನ್ನುವುದಕ್ಕೆ ಒಂದು ಸಾಕ್ಷಿ: ಸಕ್ಕರೆ ಕಾಯಿಲೆಯಿಂದ ಕಣ್ಣಿನ ರೆಟಿನಾ ಹಾಳಾಗುವುದನ್ನು ಗುರುತಿಸುವ ಮಾಡೆಲ್ಲಿನ ಬಗ್ಗೆ ಗೂಗಲ್‌ನವರು 2016ರಲ್ಲಿ ಪ್ರಕಟಿಸಿದ ಪ್ರಸಿದ್ಧ ಸಂಶೋಧನೆಯಲ್ಲಿ ಬೆಂಗಳೂರಿನ ನಾರಾಯಣ ನೇತ್ರಾಲಯದ ರೋಗಿಗಳ ಚಿತ್ರಗಳೂ ಇದ್ದವು. ಒಟ್ಟು 1,28,000ಕ್ಕಿಂತ ಹೆಚ್ಚು ಚಿತ್ರ, ಅವನ್ನು ನೋಡಿ ಗುರುತು ಹಾಕಿದವರು 54 ವೈದ್ಯರು. ಆ ಮಾಡೆಲ್ ಮುಂದೆ ಥಾಯ್ಲೆಂಡಿನ ಹಳ್ಳಿಯ ಕ್ಲಿನಿಕ್ಕುಗಳಿಗೆ ಹೋದಾಗ, ಬೆಳಕು ಸಾಲದೆ ತೆಗೆದ ಫೋಟೋಗಳಲ್ಲಿ ಸುಮಾರು ಐದರಲ್ಲಿ ಒಂದನ್ನು ಓದಲಾಗುವುದಿಲ್ಲ ಅಂತ ತಳ್ಳಿಬಿಟ್ಟಿತು. ಲ್ಯಾಬಿಗೂ ಹಳ್ಳಿಗೂ ನಡುವೆ ಒಂದು ಹೊಳೆ ಉಂಟು, ಅದಕ್ಕೆ ಸೇತುವೆ ಕಟ್ಟಿದವರು ಕಡಿಮೆ.

ನಮ್ಮ ಪ್ರಾಜೆಕ್ಟು ಈಗ ಅದೇ ಹೊಳೆಯ ಈಚೆ ದಡದಲ್ಲಿ ನಿಂತಿದೆ. ಊರಿನ ಎಕ್ಸ್‌-ರೇ ಬೇಕು ಅಂದ್ರೆ ಎಥಿಕ್ಸ್ ಕಮಿಟಿಯ ಒಪ್ಪಿಗೆ ಬೇಕು, ರೋಗಿಯ ಒಪ್ಪಿಗೆ ಬೇಕು. 2023ರ ಡೇಟಾ ರಕ್ಷಣೆಯ ಕಾಯ್ದೆಯೂ ಕೇಳುವುದು ಅದನ್ನೇ, ತಿಳಿದು ಕೊಟ್ಟ ಒಪ್ಪಿಗೆ. ಗೈಡ್ ಕೊಟ್ಟ ಮಾದರಿ ಫಾರಂ ಇಂಗ್ಲಿಷಿನಲ್ಲಿತ್ತು. ಎರಡು ಪುಟ, ನಮಗೇ ಅರ್ಥವಾಗಲಿಲ್ಲ. ಬಸ್ಸಿನಲ್ಲಿ ಚೀಲ ಹಿಡಿದು ಕೂತ ಅಮ್ಮ ಅದಕ್ಕೆ ಹೆಬ್ಬೆಟ್ಟು ಒತ್ತಿದರೆ, ಅದು ಪಿಗ್ಮಿ ಪುಸ್ತಕದ ಗೆರೆಯಷ್ಟು ಪ್ರಾಮಾಣಿಕ ಆಗುವುದಿಲ್ಲ.

ಅದಕ್ಕೆ ಕಳೆದ ಶನಿವಾರ ಕ್ಯಾಂಟೀನಿನಲ್ಲಿ ಕೂತು ಕುಂದಾಪ್ರ ಕನ್ನಡದಲ್ಲೇ ಬರೆಯಲಿಕ್ಕೆ ಹೊರಟೆವು. ನಿಮ್ಮ ಎಕ್ಸ್‌-ರೇಯ ಒಂದು ಪ್ರತಿ ನಮ್ಮತ್ರ ಇರುತ್ತೆ, ಹೆಸರು ತೆಗೆದು ಇಡ್ತೇವೆ, ಬೇಡ ಅಂದ್ರೆ ಯಾವಾಗ ಬೇಕಾದ್ರೂ ಅಳಿಸ್ತೇವೆ, ಇದರಿಂದ ಎಂತ ಆಯ್ತು ಅಂತ ನಿಮಗೆ ಬಂದು ಹೇಳ್ತೇವೆ. ಇಷ್ಟಕ್ಕೆ ಎರಡು ಗಂಟೆ ಹಿಡಿಯಿತು. ಕೊನೆಯ ವಾಕ್ಯ ಬೇಕಾ ಬೇಡ್ವಾ ಅಂತ ಇನ್ನೂ ಚರ್ಚೆ ಇದೆ, ಯಾಕಂದ್ರೆ ಬರೆದರೆ ಪರೀಕ್ಷೆ ಮುಗಿದ ಮೇಲೂ ಬೈಂದೂರಿನ ಬಸ್ಸು ಹತ್ತಬೇಕಾಗ್ತದೆ. ಡೇಟಾ ಅನ್ನುವ ಪದಕ್ಕೆ ಎಂತ ಬರೆಯುವುದು ಅಂತಲೂ ಗೊತ್ತಾಗಲಿಲ್ಲ. ಲೆಕ್ಕ ಅಂತ ಬರೆದಿದ್ದೇವೆ, ಸದ್ಯಕ್ಕೆ.