ಆನಂದರಾವ್ ಕೌಂಡಿನ್ಯ

ಹೊಳೆಆಲೂರಿನಿಂದ ರೈಲಿನಲ್ಲಿ ಗದಗಕ್ಕೆ ಹೋಗಿಬರುವ ನಮ್ಮ ವಾಚಕರಿಗೆ ಬೆಟಗೇರಿಯ ಬಾಸೆಲ್ ಮಿಶನ್ನಿನ ಹೆಸರು ಹೊಸದಲ್ಲ. ಆ ಮಿಶನ್ನಿನ ಜರ್ಮನ್ ಪಾದ್ರಿಗಳು ಕನ್ನಡಕ್ಕೆ ಕೋಶವನ್ನೂ ಪತ್ರಿಕೆಯನ್ನೂ ಕೊಟ್ಟುದನ್ನು ಎಲ್ಲರೂ ಬಲ್ಲರು. ಅವರೊಡನೆ ದುಡಿದ ನಮ್ಮ ನಾಡಿನವರೇ ಆದ ಕೌಂಡಿನ್ಯರನ್ನು ನೆನೆಯುವವರು ವಿರಳ.

1825ರಲ್ಲಿ ಸಾರಸ್ವತ ಬ್ರಾಹ್ಮಣ ಮನೆತನದಲ್ಲಿ ಜನಿಸಿದ ಇವರು ಮಂಗಳೂರಿನ ಮಿಶನ್ ಶಾಲೆಯಲ್ಲಿ ಓದುತ್ತಿರಲು ಮೋಗ್ಲಿಂಗ್ ಸಾಹೇಬರ ಪ್ರಭಾವಕ್ಕೊಳಗಾದರು. 1844ರ ಜನವರಿಯಲ್ಲಿ ಇಬ್ಬರು ಸಹಪಾಠಿಗಳೊಡನೆ ಕ್ರೈಸ್ತಮತವನ್ನು ಸ್ವೀಕರಿಸಿದರು. ಊರಲ್ಲಿ ಕೋಲಾಹಲವೆದ್ದಿತು. ಬಂಧುಗಳು ದೂರವಾದರು, ಕೈಹಿಡಿದ ಹೆಂಡತಿಯೂ ಬಳಿಗೆ ಬರಲಿಲ್ಲ. ಆಗ ಅವರಿಗೆ 19 ತುಂಬಿರಲಿಲ್ಲ.

1846ರಲ್ಲಿ ಮೋಗ್ಲಿಂಗರೊಡನೆ ಯುರೋಪಿಗೆ ತೆರಳಿ, ಸ್ವಿಟ್ಜರ್ಲೆಂಡಿನ ಬಾಸೆಲ್ ನಗರದ ಮಿಶನ್ ವಿದ್ಯಾಲಯದಲ್ಲಿ ವ್ಯಾಸಂಗಮಾಡಿದರು. 1851ರಲ್ಲಿ ಪಾದ್ರಿದೀಕ್ಷೆಯನ್ನು ಪಡೆದು ಸ್ವದೇಶಕ್ಕೆ ಮರಳಿ, ಮಂಗಳೂರಿನಲ್ಲಿ ನಾಡಿನ ಉಪದೇಶಕರಿಗೆ ಪಾಠ ಹೇಳಿದರು. ಕೊಡಗಿನಲ್ಲಿ ಒಡೆಯರ ಗದ್ದೆಗಳಲ್ಲಿ ಜೀತಕ್ಕೆ ದುಡಿಯುತ್ತಿದ್ದ ಅಸ್ಪೃಶ್ಯರಿಗಾಗಿ ಮೋಗ್ಲಿಂಗರು ನೆಲೆಯೊಂದನ್ನು ಕಟ್ಟಹೊರಟಾಗ, ಕೌಂಡಿನ್ಯರು ತಮ್ಮ ಪಾಲಿಗೆ ಬಂದ ಪಿತ್ರಾರ್ಜಿತದ ಹಣವನ್ನಿತ್ತರು. ಆ ಊರೇ ಆನಂದಪುರ. ಅವರ ಹೆಸರೇ ಅದಕ್ಕೆ ನಿಂತಿತು. 1893ರಲ್ಲಿ ಅವರು ಕಾಲವಾದರು.

ಎಳೆಯ ವಿದ್ಯಾರ್ಥಿಯನ್ನು ಮನೆಮಂದಿಯಿಂದ ಅಗಲಿಸುವ ಮತಪ್ರಚಾರವನ್ನು ನಾವು ಮೆಚ್ಚಲಾರೆವು. ಆದರೂ ಸತ್ಯವನ್ನು ಮರೆಮಾಡುವುದು ನಮ್ಮ ಧರ್ಮವಲ್ಲ. ಪರದೇಶದಲ್ಲಿ ಕಲಿತ ಈ ತರುಣನು ಅಲ್ಲಿಯೇ ಉಳಿಯಲಿಲ್ಲ. ತಂದೆಯ ಸ್ವತ್ತನ್ನು ಸ್ವಂತ ಸುಖಕ್ಕೆ ಬಳಸಲಿಲ್ಲ. ನೆರೆಯ ಜೀತದಾಳಿನ ಗುಡಿಸಲಿಗೆ ನಮ್ಮವನೊಬ್ಬನು ಬಾಸೆಲಿನ ದಾರಿಯಾಗಿಯೇ ಹೋಗಬೇಕಾಯಿತೇಕೆ? ಇದಕ್ಕೆ ಉತ್ತರ ಹೇಳಬೇಕಾದವರು ನಾವೇ.