ರಮಣ ಮಹರ್ಷಿ

ರಮಣ ಮಹರ್ಷಿ (ಡಿಸೆಂಬರ್ 30, 1879 – ಏಪ್ರಿಲ್ 14, 1950) ಮೌನವನ್ನೇ ಶ್ರೇಷ್ಠ ಉಪದೇಶವೆಂದು ಭಾವಿಸಿದ್ದ ಭಾರತದ ಆಧ್ಯಾತ್ಮಿಕ ಗುರುಗಳಲ್ಲಿ ಪ್ರಮುಖರು. ತಮಿಳುನಾಡಿನ ತಿರುವಣ್ಣಾಮಲೈಯ ಅರುಣಾಚಲ ಬೆಟ್ಟದ ಪರಿಸರದಲ್ಲಿ ಐವತ್ತಮೂರು ವರ್ಷಗಳಿಗೂ ಹೆಚ್ಚು ಕಾಲ ನೆಲೆಸಿದ್ದರು.

ಬಾಲ್ಯ

ಮಧುರೆಯ ಸಮೀಪದ ತಿರುಚ್ಚುಳಿಯಲ್ಲಿ ಜನಿಸಿದ ಇವರ ಮೊದಲ ಹೆಸರು ವೆಂಕಟರಾಮನ್. ತಂದೆ ವಕೀಲಿ ವೃತ್ತಿಯ ಸುಂದರಂ ಅಯ್ಯರ್, ತಾಯಿ ಅಳಗಮ್ಮಾಳ್. 1892ರಲ್ಲಿ ತಂದೆ ತೀರಿಕೊಂಡ ಬಳಿಕ ಮಧುರೆಯಲ್ಲಿ ಚಿಕ್ಕಪ್ಪನ ಮನೆಯಲ್ಲಿ ಬೆಳೆದರು.

ಮರಣಾನುಭವ ಮತ್ತು ಗೃಹತ್ಯಾಗ

1896ರ ಜುಲೈನಲ್ಲಿ, ಆರೋಗ್ಯವಂತರಾಗಿದ್ದ ಹದಿನಾರರ ಬಾಲಕನಿಗೆ ಇದ್ದಕ್ಕಿದ್ದಂತೆ ಸಾವಿನ ಭಯ ಆವರಿಸಿತು. ಶವದಂತೆ ನಿಶ್ಚಲನಾಗಿ ಮಲಗಿ, ಸಾಯುವವರು ಯಾರೆಂದು ತನ್ನೊಳಗೇ ವಿಚಾರಿಸಿದಾಗ, ದೇಹ ಅಳಿದರೂ ಅಳಿಯದ ಚೈತನ್ಯವೇ ತಾನೆಂಬ ಅರಿವು ಮೂಡಿತು. ಅನಂತರ ಓದಿನಲ್ಲಿ ಆಸಕ್ತಿ ಉಳಿಯಲಿಲ್ಲ. ಆಗಸ್ಟ್ 29ರಂದು, ಅಣ್ಣನ ಕಾಲೇಜು ಶುಲ್ಕಕ್ಕೆಂದು ಪಡೆದ ಐದು ರೂಪಾಯಿಗಳಲ್ಲಿ ಮೂರನ್ನು ಮಾತ್ರ ಇಟ್ಟುಕೊಂಡು, ಉಳಿದುದನ್ನು ಒಂದು ಚೀಟಿಯೊಡನೆ ಬಿಟ್ಟು ಮನೆ ತೊರೆದರು. ಸೆಪ್ಟೆಂಬರ್ 1ರಂದು ಅರುಣಾಚಲೇಶ್ವರ ದೇವಾಲಯವನ್ನು ತಲುಪಿದರು.

ಮೌನದ ವರ್ಷಗಳು

ದೇವಾಲಯದ ಪಾತಾಳಲಿಂಗದ ನೆಲಮಾಳಿಗೆಯಲ್ಲಿ ಕ್ರಿಮಿಕೀಟಗಳು ಕಚ್ಚಿ ಗಾಯಗಳಾದರೂ ಧ್ಯಾನದಿಂದ ಎಚ್ಚರಗೊಳ್ಳಲಿಲ್ಲ. 1898ರಲ್ಲಿ ತಾಯಿ ಬಂದು, ಮನೆಗೆ ಮರಳುವಂತೆ ದಿನಗಟ್ಟಲೆ ಅತ್ತು ಬೇಡಿಕೊಂಡರು. ರಮಣರು ಬಾಯಿ ತೆರೆಯಲಿಲ್ಲ. ಆಗಬೇಕಾದುದನ್ನು ಯಾರೂ ತಡೆಯಲಾರರಾದ್ದರಿಂದ ಮೌನವೇ ಲೇಸೆಂಬ ಅರ್ಥದ ಉತ್ತರವನ್ನು ಬರೆದು ಕೊಟ್ಟರು. ತಾಯಿ ಬರಿಗೈಯಲ್ಲಿ ಹಿಂದಿರುಗಿದರು.

ಮುಂದೆ ವಿರೂಪಾಕ್ಷ ಗುಹೆಯಲ್ಲಿ ವಾಸಿಸಿದರು. 1902ರ ಸುಮಾರಿಗೆ ಶಿವಪ್ರಕಾಶಂ ಪಿಳ್ಳೈ ಕೇಳಿದ ಪ್ರಶ್ನೆಗಳಿಗೆ ಬರೆದು ತಿಳಿಸಿದ ಉತ್ತರಗಳು ಬಳಿಕ 'ನಾನ್ ಯಾರ್' (ನಾನು ಯಾರು) ಎಂಬ ಕಿರುಗ್ರಂಥವಾದವು. 1907ರಲ್ಲಿ ಕಾವ್ಯಕಂಠ ಗಣಪತಿ ಮುನಿಗಳು ಇವರನ್ನು ರಮಣ ಮಹರ್ಷಿ ಎಂದು ಕರೆದರು.

ತಾಯಿ ಮತ್ತು ಆಶ್ರಮ

1916ರಲ್ಲಿ ತಾಯಿ ಮಗನ ಬಳಿಯೇ ನೆಲೆಸಲು ಬಂದರು. ವಾಸ್ತವ್ಯ ಸ್ಕಂದಾಶ್ರಮಕ್ಕೆ ಬದಲಾಯಿತು. 1922ರ ಮೇ 19ರಂದು ಆಕೆ ಕೊನೆಯುಸಿರೆಳೆಯುವವರೆಗೂ ರಮಣರು ಒಂದು ಕೈಯನ್ನು ತಲೆಯ ಮೇಲೂ ಇನ್ನೊಂದನ್ನು ಎದೆಯ ಮೇಲೂ ಇರಿಸಿ ಪಕ್ಕದಲ್ಲೇ ಕುಳಿತಿದ್ದರು. ಒಮ್ಮೆ ತಾಯಿಯ ಜೊತೆ ಹೋಗಲೊಪ್ಪದ ಮಗ, ಆಕೆಯ ಸಮಾಧಿಯಿದ್ದ ಬೆಟ್ಟದ ತಪ್ಪಲಿಗೆ ಇಳಿದು ಬಂದು ಅಲ್ಲಿಯೇ ಉಳಿದರು. ಶ್ರೀ ರಮಣಾಶ್ರಮ ಬೆಳೆದದ್ದು ಆ ಸಮಾಧಿಯ ಸುತ್ತ.

ಉಪದೇಶ

ಪ್ರತಿ ಆಲೋಚನೆಯೂ ಯಾರಿಗೆ ಹುಟ್ಟಿತೆಂದು ಮೂಲದತ್ತ ಸಾಗುವ ಆತ್ಮವಿಚಾರವನ್ನೂ, ಅದು ಕಷ್ಟವೆನಿಸಿದವರಿಗೆ ಭಗವಂತನಲ್ಲಿ ಶರಣಾಗತಿಯನ್ನೂ ಬೋಧಿಸಿದರು. ರಮಣರ ದೃಷ್ಟಿಯಲ್ಲಿ ಮೌನವೆಂದರೆ ಕೇವಲ ಮಾತು ನಿಲ್ಲಿಸುವುದಲ್ಲ, ಅಹಂಭಾವ ಅಡಗುವುದು. ನಂತರದ ವರ್ಷಗಳಲ್ಲಿ ಅವರು ಸಹಜವಾಗಿ ಮಾತನಾಡುತ್ತಿದ್ದರು, ನಸುಕಿನಲ್ಲೇ ಎದ್ದು ಅಡುಗೆಮನೆಯಲ್ಲಿ ತರಕಾರಿಯನ್ನೂ ಹೆಚ್ಚುತ್ತಿದ್ದರು. 1931ರಲ್ಲಿ ಭೇಟಿಯಿತ್ತ ಪಾಲ್ ಬ್ರಂಟನ್ ಅವರ ಪುಸ್ತಕದಿಂದ ಪಾಶ್ಚಾತ್ಯರಿಗೂ ಪರಿಚಿತರಾದರು.

ಅಂತಿಮ ದಿನಗಳು

ಎಡತೋಳಿನಲ್ಲಿ ಕಾಣಿಸಿಕೊಂಡ ಕ್ಯಾನ್ಸರ್ ಗಡ್ಡೆ ನಾಲ್ಕು ಶಸ್ತ್ರಚಿಕಿತ್ಸೆಗಳ ಬಳಿಕವೂ ಗುಣವಾಗಲಿಲ್ಲ. ನೋವಿನ ನಡುವೆಯೂ ಭಕ್ತರಿಗೆ ದರ್ಶನ ತಪ್ಪಿಸಬಾರದೆಂದು ಪಟ್ಟುಹಿಡಿದರು. 1950ರ ಏಪ್ರಿಲ್ 14ರ ರಾತ್ರಿ ದೇಹತ್ಯಾಗ ಮಾಡಿದರು. ಅವರ ಸಮಾಧಿ ಆಶ್ರಮದಲ್ಲಿಯೇ ಇದೆ.